ಎದೆಯಲ್ಲಿ ಊರು ಸೇರುವ ದೂಳು

ನಮ್ಮ ಮನೆಯ ಮೇಲೆ ಎರಡು ಕೋಣೆ ಕಟ್ಟಿಸುತ್ತಿದ್ದೇವೆ. ಗೋಡೆ, ಸಾರಣೆ ಎಲ್ಲ ಮುಗಿದು ಈಗ ನೆಲಹಾಸಿನ ಸರದಿ. ಯಾದಗಿರಿ ಕಡೆಯಿಂದ ಬಂದ ಒಬ್ಬ ಹುಡುಗ, ಹುಡುಗ ಎಂದರೆ ಮೂವತ್ತರ ಆಚೀಚೆ ಇರಬಹುದು, ಬಾಲ್ಕನಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೈಯಂತ್ರದಿಂದ ಗ್ರಾನೈಟ್ ಕೊಯ್ಯುತ್ತಾನೆ. ಯಂತ್ರದ ಕರ್ಕಶ ಸದ್ದಿಗೆ ಇಡೀ ಬೀದಿ ಕಿವಿ ಮುಚ್ಚಿಕೊಳ್ಳುತ್ತದೆ. ಆದರೆ ಆ ಸದ್ದಿನ ಜೊತೆ ಏಳುವ ಬಿಳಿಯ ಮೋಡವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ನರೆತು ಅರವತ್ತರ ಮುದುಕನಂತೆ ಕಾಣುತ್ತಾನೆ. ಊಟಕ್ಕೆ ಮುಂಚೆ ಮುಖ ತೊಳೆದಾಗ ಮತ್ತೆ ಮೂವತ್ತಕ್ಕೆ ಇಳಿಯುತ್ತಾನೆ.

‘ಮೂಗಿಗೆ ಒಂದು ಬಟ್ಟೆಯಾದರೂ ಕಟ್ಟಿಕೊಳ್ಳಬಾರದೇನಪ್ಪಾ?’ ಎಂದು ಕೇಳಿದೆ.

‘ಕಟ್ಕೊಂಡ್ರ ಉಸುರು ಸಿಗೂದಿಲ್ರೀ ಸರ’ ಎಂದ.

‘ಹಾಗಾದರೆ ನೀರು ಹಾಕಿಕೊಂಡು ಕೊಯ್ಯಬಹುದಲ್ಲ?’

ಅವನು ನಕ್ಕ. ‘ಮೊನ್ನಿ ನೀರ್ ಹಾಕಿದ್ನೆಲ್ರೀ. ಮೆಟ್ಟಲಾ ಎಲ್ಲಾ ರಾಡಿ ಆತು, ನೀರ್ ಹಾಕಬ್ಯಾಡ ಅಂತ ನೀವ ಹೇಳಿದ್ರಿ.’

ಹೇಳಿದ್ದು ನಿಜ. ಕಲ್ಲಿನ ಕೆಸರು ಮೆಟ್ಟಿಲ ಮೇಲೆ ಇಳಿದು, ಒಣಗಿ, ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆಯುವ ಕೆಲಸ ಯಾರಿಗೆ ಬೇಕು? ಹಾಗೆ ಹೇಳುವಾಗ ಆ ದೂಳಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಎಂದಲ್ಲ. ಓದಿ ತಿಳಿದಿದ್ದೆ. ತಿಳಿದಿದ್ದೂ ಮೆಟ್ಟಿಲಿನ ಚಿಂತೆಯೇ ಮೇಲಾಯಿತು. ಈ ಲೇಖನ ಬರೆಯಲು ಕೂತದ್ದು ಆ ಇರುಸುಮುರುಸಿನಿಂದಲೇ.

ಕಣ್ಣಿಗೆ ಕಾಣದ ದೂಳೇ ಕೆಟ್ಟದ್ದು

ಗ್ರಾನೈಟ್, ಮರಳುಗಲ್ಲು, ಬೆಣಚು ಕಲ್ಲು, ಕಾಂಕ್ರೀಟಿನಲ್ಲಿ ಬೆರೆತ ಮರಳು ಇವೆಲ್ಲದರಲ್ಲೂ ಹೆಚ್ಚೋ ಕಡಿಮೆಯೋ ಇರುವ ವಸ್ತು ಸಿಲಿಕ. ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ಭೂಮಿಯ ಹೊರಪದರದಲ್ಲಿ ಇದು ಯಥೇಚ್ಛವಾಗಿದೆ. ನದಿಯ ದಂಡೆಯಲ್ಲಿ ಮರಳಾಗಿ ಬಿದ್ದಿರುವಾಗ ಅದರಿಂದ ಯಾರಿಗೂ ತೊಂದರೆಯಿಲ್ಲ, ಮಕ್ಕಳು ಅದರಲ್ಲೇ ಗುಬ್ಬಿಗೂಡು ಕಟ್ಟುತ್ತಾರೆ. ಕಲ್ಲನ್ನು ಒಡೆದಾಗ, ಕೊರೆದಾಗ, ಕೊಯ್ದಾಗ, ಉಜ್ಜಿದಾಗ ಮಾತ್ರ ಅದರ ಸ್ವಭಾವವೇ ಬೇರೆ. ಆಗಷ್ಟೇ ಒಡೆದ ಬೆಣಚು ಕಲ್ಲಿನ ಕಣಗಳು ಹಳೆಯ ದೂಳಿಗಿಂತ ಹೆಚ್ಚು ಅಪಾಯಕಾರಿ.

ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 10 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ಬಹುಮಟ್ಟಿಗೆ ಹಿಡಿದುಬಿಡುತ್ತವೆ. ನಾವು ಸೀನುತ್ತೇವೆ, ಕ್ಯಾಕರಿಸುತ್ತೇವೆ, ಆಚೆ ಹಾಕುತ್ತೇವೆ. ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಹಾಗಲ್ಲ. ಅವು ಶ್ವಾಸಕೋಶದ ತಳದವರೆಗೆ, ಗಾಳಿಯಿಂದ ರಕ್ತಕ್ಕೆ ಆಮ್ಲಜನಕ ದಾಟುವ ಪುಟ್ಟ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಂದರೆ ಆ ಹುಡುಗನ ಹುಬ್ಬನ್ನು ಬೆಳ್ಳಗೆ ಮಾಡುವ ದೂಳಿಗಿಂತ, ಕಣ್ಣಿಗೆ ಕಾಣದೆ ತೇಲುವ ದೂಳು ಕೆಟ್ಟದ್ದು. ಟವೆಲು ಕಟ್ಟಿಕೊಂಡರೂ ಅದು ನಿಲ್ಲುವುದಿಲ್ಲ. ನೇಯ್ಗೆಯ ಸಂದಿಗಳು ಆ ಕಣಗಳಿಗೆ ಊರಬಾಗಿಲಿನಷ್ಟು ಅಗಲ.

ಮನುಷ್ಯನ ಶ್ವಾಸಕೋಶದಲ್ಲಿ ಇಂಥ ಗಾಳಿಗೂಡುಗಳು ಸುಮಾರು 30 ಕೋಟಿ. ಎಲ್ಲವನ್ನೂ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಒಂದು ಬ್ಯಾಡ್ಮಿಂಟನ್ ಅಂಕಣ ತುಂಬುತ್ತದೆ. ಅಲ್ಲಿಗೆ ಬಂದ ಕಸವನ್ನು ನುಂಗಿ ಹಾಕಲು ಮ್ಯಾಕ್ರೊಫೇಜ್ ಎಂಬ ಕಾವಲು ಜೀವಕೋಶಗಳಿವೆ. ರೋಗಾಣು ಬಂದರೆ ನುಂಗಿ ಜೀರ್ಣಿಸಿಕೊಳ್ಳುತ್ತವೆ. ಆದರೆ ಕಲ್ಲನ್ನು ಅರಗಿಸಿಕೊಳ್ಳುವುದುಂಟೇ? ಸಿಲಿಕದ ಕಣ ನುಂಗಿದ ಕಾವಲುಗಾರ ತಾನೇ ಸಾಯುತ್ತದೆ. ಸಾಯುವಾಗ ಅದರ ಹೊಟ್ಟೆಯಲ್ಲಿದ್ದ ಕಣ ಮತ್ತೆ ಹೊರಬೀಳುತ್ತದೆ. ಅದನ್ನು ನುಂಗಲು ಮತ್ತೊಂದು ಬರುತ್ತದೆ, ಅದೂ ಸಾಯುತ್ತದೆ. ಸತ್ತ ಕಡೆಯಲ್ಲೆಲ್ಲ ಗಾಯ, ಗಾಯ ಮಾಗಿದ ಕಡೆಯಲ್ಲೆಲ್ಲ ಗಡಸು ನಾರು. ಮೆತ್ತಗಿನ ಸ್ಪಂಜಿನಂತಿರಬೇಕಾದ ಶ್ವಾಸಕೋಶದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ, ಚಿಕ್ಕ ಗಂಟುಗಳು ಏಳುತ್ತವೆ. ಮುಂದೆ ಗಂಟು ಗಂಟು ಕೂಡಿಕೊಂಡು ಗೆಡ್ಡೆಯಾಗುತ್ತದೆ. ಇದೇ ಸಿಲಿಕೋಸಿಸ್.

ಈ ರೋಗದ ಎರಡು ಗುಣಗಳನ್ನು ನೆನಪಿಡಬೇಕು. ಒಂದು, ಇದನ್ನು ಗುಣಪಡಿಸುವ ಮದ್ದು ಇಲ್ಲ. ಎರಡು, ಕೆಲಸ ಬಿಟ್ಟರೂ ಇದು ಬಿಡುವುದಿಲ್ಲ. ದೂಳಿನಿಂದ ದೂರವಾಗಿ ವರ್ಷಗಳಾದ ಮೇಲೂ ಒಳಗಿನ ಗಂಟುಗಳು ಬೆಳೆಯಬಹುದು. ಸಾಧಾರಣ ದೂಳಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ದುಡಿದವರಲ್ಲಿ ಇದು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ದೂಳು ಹೆಚ್ಚಾದರೆ ಐದರಿಂದ ಹತ್ತು ವರ್ಷ ಸಾಕು. ದೂಳಿನಲ್ಲೇ ಮುಳುಗಿ ಕೆಲಸ ಮಾಡಿದವರನ್ನು ಕೆಲವೇ ತಿಂಗಳಲ್ಲಿ ಹಾಸಿಗೆಗೆ ಕೆಡವಿದ್ದೂ ಉಂಟು. ಮೊದಲು ಒಣ ಕೆಮ್ಮು, ಆಮೇಲೆ ದಿಣ್ಣೆ ಹತ್ತುವಾಗ ಏದುಸಿರು, ಕೊನೆಗೆ ಕೂತಲ್ಲೇ ಏದುಸಿರು. ಸಾಲದ್ದಕ್ಕೆ, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಈ ದೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1997ರಲ್ಲಿ ತೀರ್ಮಾನಿಸಿತು.

ಇದಕ್ಕೆ ಎಷ್ಟು ದೂಳು ಬೇಕಾಗಬಹುದು? 2016ರಲ್ಲಿ ಅಮೆರಿಕ ಹಾಕಿಕೊಂಡ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ ಸಿಲಿಕ. ಒಂದು ದೊಡ್ಡ ಕಪಾಟಿನಷ್ಟು ಗಾಳಿಯಲ್ಲಿ ಪುಡಿ ಉಪ್ಪಿನ ಒಂದೇ ಒಂದು ಹರಳನ್ನು ಅರೆದು ಹಾರಿಬಿಟ್ಟಂತೆ. ನಮ್ಮ ಬಾಲ್ಕನಿಯಲ್ಲಿ ಏಳುತ್ತಿದ್ದ ಮೋಡವನ್ನು ನೆನೆದುಕೊಂಡರೆ ಉಳಿದದ್ದು ಹೇಳಬೇಕಿಲ್ಲ.

ಅಲಿರಾಜಪುರದಿಂದ ಗೋಧ್ರಾಕ್ಕೆ

ಉತ್ತರ ಕರ್ನಾಟಕದಲ್ಲಿ ‘ಗುಳೆ’ ಎಂಬ ಮಾತು ಎಲ್ಲರಿಗೂ ಗೊತ್ತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ದೂರದ ಊರಿಗೆ ಕೂಲಿಗೆ ಹೊರಡುವುದು. ಮಧ್ಯಪ್ರದೇಶದ ಪಶ್ಚಿಮದ ಅಂಚಿನಲ್ಲಿರುವ ಅಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳ ಭಿಲ್, ಭಿಲಾಲ ಆದಿವಾಸಿಗಳಿಗೂ ಇದು ಹೊಸದಲ್ಲ. ಗುಡ್ಡದ ಇಳಿಜಾರಿನ ತುಂಡು ಹೊಲ, ಮಳೆಯನ್ನೇ ನಂಬಿದ ಮೆಕ್ಕೆಜೋಳ. ಸುಗ್ಗಿ ಮುಗಿದ ಮೇಲೆ ಗಡಿ ದಾಟಿ ಗುಜರಾತಿಗೆ ದುಡಿಯಲು ಹೋಗುವುದು ಅಲ್ಲಿನ ವಾಡಿಕೆ.

2000ದ ಆಸುಪಾಸಿನ ಬರಗಾಲದ ವರ್ಷಗಳಲ್ಲಿ ಹೀಗೆ ಹೊರಟವರಲ್ಲಿ ಅನೇಕರು ಗೋಧ್ರಾ, ಬಾಲಾಸಿನೋರ್ ಕಡೆಯ ಬೆಣಚು ಕಲ್ಲಿನ ಗಿರಣಿಗಳನ್ನು ಸೇರಿದರು. ಬಿಳಿಯ ಬೆಣಚು ಕಲ್ಲನ್ನು ಯಂತ್ರಕ್ಕೆ ಸುರಿಯುವುದು, ಹಿಟ್ಟಿನಂತೆ ನುಣ್ಣಗಾದ ಪುಡಿಯನ್ನು ಚೀಲಕ್ಕೆ ತುಂಬುವುದು, ಚೀಲ ಹೊತ್ತು ಲಾರಿಗೆ ಹಾಕುವುದು. ಈ ಪುಡಿ ಗಾಜು ಮತ್ತು ಪಿಂಗಾಣಿ ಕಾರ್ಖಾನೆಗಳಿಗೆ ಹೋಗುವ ಮಾಲು. ಗಂಡ ಹೆಂಡತಿ ಇಬ್ಬರೂ ದುಡಿದರೆ ಎರಡು ಕೂಲಿ. ಕೆಲವೇ ತಿಂಗಳು ಕೆಲಸ ಮಾಡಿದವರಿದ್ದರು, ಎರಡು ಮೂರು ಸುಗ್ಗಿ ಹೋಗಿ ಬಂದವರಿದ್ದರು. ನೇಮಕ ಪತ್ರವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಂಬಳದ ಚೀಟಿಯಿಲ್ಲ.

ಕೆಮ್ಮು ಶುರುವಾದದ್ದು ಊರಿಗೆ ಬಂದ ಮೇಲೆ.

ನನಗೆ ಈ ಇಡೀ ಕಥೆಯ ಮರ್ಮವೇ ಇಲ್ಲಿದೆ ಎನ್ನಿಸುತ್ತದೆ. ಗುಳೆ ಹೋದವನು ಉಸಿರು ಸಿಗದೆ ಕಷ್ಟಪಟ್ಟರೆ ಗಿರಣಿಯಲ್ಲಿ ಕೂತು ಕೆಮ್ಮುವುದಿಲ್ಲ. ಕೂಲಿ ದುಡಿಯಲಾರದವನಿಗೆ ಅಲ್ಲಿ ಜಾಗವೂ ಇಲ್ಲ. ಅವನು ಬಸ್ಸು ಹತ್ತಿ ಊರಿಗೆ ಹೋಗುತ್ತಾನೆ. ಅವನ ಜಾಗಕ್ಕೆ ಗಟ್ಟಿಮುಟ್ಟಾದ ಇನ್ನೊಬ್ಬ ಬರುತ್ತಾನೆ. ಇನ್‌ಸ್ಪೆಕ್ಟರು ಬಂದು ನೋಡಿದರೆ ಗಿರಣಿಯಲ್ಲಿ ಎಲ್ಲರೂ ಆರೋಗ್ಯವಂತರೇ! ಮೇಷ್ಟ್ರು ತರಗತಿಗೆ ಬಂದು ‘ಇವತ್ತು ಯಾರು ಬಂದಿಲ್ಲವೋ ಅವರು ಕೈಯೆತ್ತಿ’ ಎಂದು ಕೇಳಿ, ಒಂದು ಕೈಯೂ ಏಳದಿರಲು ಪೂರ್ತಿ ಹಾಜರಿ ಎಂದು ಬರೆದುಕೊಂಡ ಹಾಗೆ. ಅಂಕಿಅಂಶ ಶಾಸ್ತ್ರ ಓದುವ ವಿದ್ಯಾರ್ಥಿಗಳು ಈ ಮೋಸವನ್ನು ಮುಂದೆ ಬೇರೆ ಬೇರೆ ವೇಷಗಳಲ್ಲಿ ಕಾಣುತ್ತೀರಿ.

ಊರಿನಲ್ಲಿ ಏನಾಗುತ್ತದೆ? ಕೆಮ್ಮು, ಸಣ್ಣ ಜ್ವರ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಚುಕ್ಕೆಗಳು. ನಮ್ಮ ದೇಶದಲ್ಲಿ ಇದನ್ನು ನೋಡಿದ ಯಾವ ವೈದ್ಯರಿಗೂ ಮೊದಲು ಹೊಳೆಯುವುದು ಕ್ಷಯ. ಅವರನ್ನು ದೂರುವಂತಿಲ್ಲ, ಕ್ಷಯವೇ ಇಲ್ಲಿ ಹೆಚ್ಚು. ಆರು ತಿಂಗಳು ಮಾತ್ರೆ ಕೊಡುತ್ತಾರೆ. ಗುಣವಾಗುವುದಿಲ್ಲ. ಮತ್ತೊಂದು ಸುತ್ತು ಮಾತ್ರೆ. ಅಷ್ಟರಲ್ಲಿ ಮೇಕೆ ಹೋಯಿತು, ಎತ್ತು ಹೋಯಿತು, ಸಾಲ ಬಂತು. ಸಾಲ ತೀರಿಸಲು ಮನೆಯ ಇನ್ನೊಬ್ಬ ಅದೇ ಗಿರಣಿಗೆ ಹೋಗಬೇಕು. ರೋಗವೇ ತನ್ನ ಮುಂದಿನ ರೋಗಿಯನ್ನು ಆರಿಸಿಕೊಳ್ಳುವುದು ಹೀಗೆ. ಅಲಿರಾಜಪುರದ ಸುತ್ತಿನ ಹಳ್ಳಿಗಳಲ್ಲಿ ತಂದೆ ತಾಯಿ ಇಬ್ಬರನ್ನೂ ಇದಕ್ಕೆ ಕಳೆದುಕೊಂಡ ಮಕ್ಕಳಿದ್ದಾರೆ.

ಲೆಕ್ಕ ಹಾಕಿದ್ದು ಸ್ಥಳೀಯ ಸಂಘಟನೆಗಳು. ಹಳ್ಳಿ ಹಳ್ಳಿಗೆ, ಮನೆ ಮನೆಗೆ ಹೋಗಿ ಯಾರು ಗೋಧ್ರಾಕ್ಕೆ ಹೋಗಿದ್ದರು, ಯಾರು ಸತ್ತರು, ಯಾರು ಮಲಗಿದ್ದಾರೆ ಎಂದು ಬರೆದುಕೊಂಡವು. 2006ರಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ನವೆಂಬರಿನಲ್ಲಿ, ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಶಿಫಾರಸು ಮಾಡಿತು. ಬದುಕಿ ರೋಗದಿಂದ ನರಳುತ್ತಿದ್ದ 304 ಮಂದಿಗೆ ಪುನರ್ವಸತಿ ಕಲ್ಪಿಸುವಂತೆ ಮಧ್ಯಪ್ರದೇಶ ಸರ್ಕಾರಕ್ಕೆ ಹೇಳಿತು. ಹಣ ಕೊಡಲೇಬೇಕೆಂದು ಸುಪ್ರೀಂ ಕೋರ್ಟು ಗುಜರಾತಿಗೆ ಆದೇಶಿಸಿದ್ದು 2016ರ ಮೇ ತಿಂಗಳಲ್ಲಿ. ಅರ್ಜಿಗೂ ಆದೇಶಕ್ಕೂ ನಡುವೆ ಹತ್ತು ವರ್ಷ. ಅರ್ಜಿ ಹಾಕಿದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಆದೇಶ ಬರುವಾಗ ಹತ್ತನೇ ತರಗತಿ ದಾಟಿರುತ್ತದೆ, ಶಾಲೆಗೆ ಹೋಗುವ ಭಾಗ್ಯವಿದ್ದರೆ.

ಕಾನೂನು ಇರಲಿಲ್ಲವೆಂದು ತಿಳಿಯಬೇಡಿ. 1948ರ ಕಾರ್ಖಾನೆ ಕಾಯಿದೆಯಲ್ಲಿ ಸಿಲಿಕೋಸಿಸ್, ಕಂಡಕೂಡಲೇ ಸರ್ಕಾರಕ್ಕೆ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಕೆಲಸದಿಂದ ಬಂದ ರೋಗಕ್ಕೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯಿದೆ ಇನ್ನೂ ಹಳೆಯದು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕೂಲಿಗಳಿಗಾಗಿಯೇ 1979ರಲ್ಲಿ ಪ್ರತ್ಯೇಕ ಕಾಯಿದೆ ಬಂತು, 2020ರಲ್ಲಿ ಅದನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಯಿತು. ಆದರೆ ಪರಿಹಾರ ಕೇಳುವವನು ಮೊದಲು ತಾನು ಅಲ್ಲಿ ದುಡಿದೆ ಎಂದು ತೋರಿಸಬೇಕು. ತೋರಿಸುವುದು ಹೇಗೆ? ಅವನ ಬಳಿ ಇರುವ ದಾಖಲೆ ಒಂದೇ, ಎದೆಯೊಳಗಿನ ದೂಳು.

ಕೋಲಾರ ಕಲಿಸುವ ಪಾಠ

ಇಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ನೆನಪಾಗುತ್ತದೆ. 1880ರಲ್ಲಿ ಬ್ರಿಟಿಷ್ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಆ ಗಣಿಗೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಡವರು, ಬಹುಪಾಲು ದಲಿತರು, ಕೂಲಿ ಅರಸಿ ಬಂದರು. ಅವರೂ ಗುಳೆ ಬಂದವರೇ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದವರೆಗೆ ಬಂಡೆ ಕೊರೆದರು. ಚಿನ್ನದ ಅದಿರು ಇದ್ದದ್ದು ಬೆಣಚು ಕಲ್ಲಿನ ಪಟ್ಟೆಗಳಲ್ಲಿ, ಅಂದರೆ ಸಿಲಿಕದಲ್ಲೇ. ಒಂದು ಟನ್ ಅದಿರಿಗೆ ಚಿನ್ನ ಸಿಗುವುದು ಗ್ರಾಂ ಲೆಕ್ಕದಲ್ಲಿ, ಉಳಿದದ್ದೆಲ್ಲ ಕಲ್ಲು, ದೂಳು.

ಆದರೆ ಒಂದು ವ್ಯತ್ಯಾಸವಿತ್ತು. ಗಣಿ ಕಾರ್ಮಿಕರು ಗಣಿಯ ಪಕ್ಕದಲ್ಲೇ, ‘ಲೈನು’ಗಳೆಂದು ಕರೆಯುವ ಸಾಲುಮನೆಗಳಲ್ಲಿ, ಸಂಸಾರ ಸಮೇತ ನೆಲೆಸಿದರು. ಕಂಪನಿಯ ಆಸ್ಪತ್ರೆಯಿತ್ತು, ಎಕ್ಸ್‌ರೇ ಇತ್ತು. ಸಿಲಿಕೋಸಿಸ್‌ಗೆ ಪರಿಹಾರ ಕೊಡುವ ನಿಯಮಗಳನ್ನು ಮೈಸೂರು ಸಂಸ್ಥಾನ 1940ರಲ್ಲೇ ತಂದಿತು. ಪರಿಹಾರ ಎಂದ ಮೇಲೆ ತಪಾಸಣೆ ಆಗಲೇಬೇಕಲ್ಲ. 1940ರಿಂದ 1946ರ ನಡುವೆ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಕೇಳಿದರೆ ಎದೆ ಝಲ್ಲೆನ್ನುವ ಸಂಖ್ಯೆ. ಆದರೂ ಅದು ಒಂದು ಸಂಖ್ಯೆ, ಯಾರೋ ಎಣಿಸಿದ್ದರು. ಅರವತ್ತು ವರ್ಷಗಳ ನಂತರ, ಸ್ವತಂತ್ರ ಭಾರತದಲ್ಲಿ, ಗೋಧ್ರಾದ ಗಿರಣಿಗಳಿಂದ ಊರಿಗೆ ಮರಳಿದ ಆದಿವಾಸಿಗಳನ್ನು ಎಣಿಸಲು ಸಂಘಟನೆಗಳು ಹಳ್ಳಿ ಸುತ್ತಬೇಕಾಯಿತು. ವಿಜ್ಞಾನ ಆ ನಡುವೆ ಮುಂದುವರಿದಿತ್ತು, ಕಾನೂನೂ ಮುಂದುವರಿದಿತ್ತು. ಕೋಲಾರದ ಕಾರ್ಮಿಕ ಇದ್ದಲ್ಲೇ ಇದ್ದ, ಗೋಧ್ರಾದ ಕಾರ್ಮಿಕ ಹೊರಟುಹೋಗಿದ್ದ, ಅಷ್ಟೇ ವ್ಯತ್ಯಾಸ. ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕಥೆ ಇದನ್ನೇ ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಅಲ್ಲಿ ಲೆಸೊಥೊ, ಮೊಜಾಂಬಿಕ್, ಬೋಟ್ಸ್ವಾನ, ಟ್ರಾನ್ಸ್‌ಕೈಗಳಿಂದ ಕಪ್ಪು ಜನರನ್ನು ಗುತ್ತಿಗೆಯ ಮೇಲೆ ಕರೆಸಿ, ಗುತ್ತಿಗೆ ಮುಗಿದ ಮೇಲೆ ಊರಿಗೆ ಕಳಿಸುತ್ತಿದ್ದರು. ಸಿಲಿಕೋಸಿಸ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು 1930ರಲ್ಲಿ, ಅದೇ ಜೊಹಾನ್ಸ್‌ಬರ್ಗಿನಲ್ಲಿ. ಅಷ್ಟು ತಿಳಿವಳಿಕೆ ಇತ್ತು. ಆದರೂ ರೋಗದ ನಿಜವಾದ ಅಳತೆ ಸಿಕ್ಕಿದ್ದು 1990ರ ದಶಕದ ಕೊನೆಯಲ್ಲಿ, ಸಂಶೋಧಕರು ಗಣಿಗಳನ್ನು ಬಿಟ್ಟು ಬೋಟ್ಸ್ವಾನದ ತಮಾಗ, ಟ್ರಾನ್ಸ್‌ಕೈಯ ಲಿಬೋಡೆಯಂಥ ಊರುಗಳಿಗೆ ಹೋಗಿ ಮಾಜಿ ಗಣಿ ಕಾರ್ಮಿಕರ ಎಕ್ಸ್‌ರೇ ತೆಗೆದಾಗ. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಎದೆಯಲ್ಲಿ ಗಣಿಯ ದೂಳಿನ ಗುರುತಿತ್ತು. ಮುಂದೆ ಸಾವಿರಾರು ಮಂದಿ ಒಟ್ಟಾಗಿ ಮೊಕದ್ದಮೆ ಹೂಡಿದರು. ಸುಮಾರು 500 ಕೋಟಿ ರ‍್ಯಾಂಡ್‌ಗಳ ಪರಿಹಾರದ ಒಪ್ಪಂದಕ್ಕೆ ಅಲ್ಲಿನ ಹೈಕೋರ್ಟು 2019ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಕಾಣಲು ಬಹಳ ಮಂದಿ ಉಳಿದಿರಲಿಲ್ಲ.

ಬಳಪದಿಂದ ಅಡುಗೆಕಟ್ಟೆಯವರೆಗೆ

ಇದೆಲ್ಲ ಎಲ್ಲೋ ದೂರದ ಗಣಿ, ಗಿರಣಿಗಳ ಮಾತು ಎಂದುಕೊಂಡರೆ, ಮಕ್ಕಳೇ, ನಿಮ್ಮ ಅಪ್ಪ ಅಮ್ಮನನ್ನು ಬಳಪದ ಬಗ್ಗೆ ಕೇಳಿ. ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ, ಕದ್ದು ತಿಂದು ಪೆಟ್ಟು ತಿಂದ ಬಳಪ. ನಮ್ಮ ದೇಶದ ಬಳಪಗಳಲ್ಲಿ ಬಹಳಷ್ಟು ಮಧ್ಯಪ್ರದೇಶದ ಮಂದಸೌರ್‌ನಿಂದ ಬರುತ್ತಿದ್ದವು. ಕಲ್ಲನ್ನು ವಿದ್ಯುತ್ ಗರಗಸದಿಂದ ಕಡ್ಡಿ ಕಡ್ಡಿಯಾಗಿ ಕೊಯ್ದು ಮಾಡುವ ಆ ಕೆಲಸದವರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, 1985ರಲ್ಲಿ ವರದಿ ಪ್ರಕಟಿಸಿದರು. 593 ಕಾರ್ಮಿಕರಲ್ಲಿ 324 ಮಂದಿಗೆ ಸಿಲಿಕೋಸಿಸ್, ಅರ್ಧಕ್ಕಿಂತ ಹೆಚ್ಚು. ನಮ್ಮ ಅಕ್ಷರಾಭ್ಯಾಸದ ವೆಚ್ಚವನ್ನು ಇನ್ನಾರೋ ಭರಿಸಿದ್ದರು. ಆ ಕಾರ್ಮಿಕರು ಬಹುತೇಕ ಒಂದೇ ಕಡೆ ಇದ್ದವರಾದ್ದರಿಂದ ಲೆಕ್ಕಕ್ಕೆ ಸಿಕ್ಕರು. ಅವರಿಗಾಗಿ 1982ರಲ್ಲಿ ಪ್ರತ್ಯೇಕ ಕಲ್ಯಾಣ ನಿಧಿಯ ಕಾಯಿದೆಯನ್ನೇ ಮಧ್ಯಪ್ರದೇಶ ಮಾಡಿತು.

ಬಳಪದ ಕಾಲ ಹೆಚ್ಚುಕಡಿಮೆ ಮುಗಿಯಿತು. ಈಗ ಹೊಸ ಮನೆಗಳಲ್ಲಿ ಅಡುಗೆಕಟ್ಟೆಗೆ ಹಾಸುವ ‘ಕ್ವಾರ್ಟ್ಜ್’ ಎಂಬ ಕೃತಕ ಕಲ್ಲಿನ ಕಾಲ. ಬೆಣಚು ಕಲ್ಲಿನ ಪುಡಿಗೆ ಅಂಟು ಬೆರೆಸಿ ಅಚ್ಚು ಹಾಕಿದ ಈ ಹಲಗೆಗಳಲ್ಲಿ ಸಿಲಿಕ ಶೇ 90ಕ್ಕೂ ಹೆಚ್ಚಿರಬಹುದು, ಗ್ರಾನೈಟಿನಲ್ಲಿ ಅಷ್ಟಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇದನ್ನು ಕೊಯ್ಯುವ ಕೆಲಸದಲ್ಲಿ ರೋಗ ತಗಲಿಸಿಕೊಂಡ 52 ಮಂದಿಯ ಬಗ್ಗೆ ವೈದ್ಯರು 2023ರಲ್ಲಿ ಬರೆದರು. 51 ಮಂದಿ ಮೆಕ್ಸಿಕೊ ಮೊದಲಾದ ಲ್ಯಾಟಿನ್ ಅಮೆರಿಕದ ದೇಶಗಳಿಂದ ವಲಸೆ ಬಂದವರು. ನಡುವಯಸ್ಸು 45. ಅಷ್ಟರಲ್ಲಾಗಲೇ 10 ಮಂದಿ ಸತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರಲ್ಲಿ ರೋಗ ಯಾವುದೆಂದು ಗೊತ್ತಾಗುವುದೇ ತಡವಾಗಿತ್ತು. ಕೆಲವರಿಗೆ ನ್ಯುಮೋನಿಯ ಎಂದರು, ಕೆಲವರಿಗೆ ಕ್ಷಯ ಎಂದರು. ಎಲ್ಲ ಸೌಕರ್ಯವಿರುವ ಅಮೆರಿಕದಲ್ಲೂ ಅಲಿರಾಜಪುರದ ಕಥೆಯೇ. ಆಸ್ಟ್ರೇಲಿಯವಂತೂ 2024ರ ಜುಲೈ 1ರಿಂದ ಈ ಕೃತಕ ಕಲ್ಲನ್ನೇ ನಿಷೇಧಿಸಿತು.

ಎರಡೂ ಕಡೆ ತಪ್ಪಿದ್ದು ಒಂದು ಪ್ರಶ್ನೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ 1700ರಲ್ಲಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಒಂದು ಗ್ರಂಥ ಬರೆದ. ರೋಗಿಯನ್ನು ವೈದ್ಯರು ಕೇಳುವ ಹಳೆಯ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಬೇಕೆಂದು ಅದರಲ್ಲಿ ಹೇಳಿದ: ನೀನು ಮಾಡುವ ಕೆಲಸವೇನು? ಗುಳೆಯ ಕಾಲದಲ್ಲಿ ಆ ಪ್ರಶ್ನೆಯೂ ಸಾಲದು. ಹಾಸಿಗೆ ಹಿಡಿದು ಊರಿನಲ್ಲಿ ಮಲಗಿದವನು ‘ಒಕ್ಕಲುತನ’ ಎಂದೇ ಹೇಳುತ್ತಾನೆ, ಅದು ಸುಳ್ಳೂ ಅಲ್ಲ. ಕೇಳಬೇಕಾದದ್ದು, ಈ ಹಿಂದೆ ಎಲ್ಲೆಲ್ಲಿ ಹೋಗಿದ್ದೆ, ಅಲ್ಲಿ ಏನೇನು ಮಾಡಿದೆ ಎಂದು. ವೈದ್ಯರಾಗಬೇಕೆಂದು ಓದುತ್ತಿರುವವರು ಇದನ್ನು ಬರೆದಿಟ್ಟುಕೊಳ್ಳಿ. ಎಕ್ಸ್‌ರೇ ಯಂತ್ರ ಹೇಳಲಾರದ್ದನ್ನು ಈ ಪ್ರಶ್ನೆ ಹೇಳುತ್ತದೆ, ಖರ್ಚೂ ಇಲ್ಲ.

ರಾಜಸ್ಥಾನದಲ್ಲಿ ಮರಳುಗಲ್ಲಿನ ಗಣಿಗಳು ಅಪಾರ. ಅಲ್ಲಿನ ಸರ್ಕಾರ 2019ರಲ್ಲಿ ಒಂದು ನೀತಿ ರೂಪಿಸಿತು. ರೋಗವಿದೆಯೆಂದು ವೈದ್ಯ ಮಂಡಳಿ ಪ್ರಮಾಣಪತ್ರ ಕೊಟ್ಟರೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ 2 ಲಕ್ಷ. ಒಳ್ಳೆಯದೇ. ಆದರೆ ಅದು ರೋಗ ಬಂದ ಮೇಲಿನ ಮಾತು. ಬಾರದಂತೆ ನೋಡಿಕೊಳ್ಳಲು ಗೊತ್ತಿರುವ ಉಪಾಯಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಅಗ್ಗವೂ ಆದದ್ದು ನೀರು. ಕೊಯ್ಯುವ ಜಾಗಕ್ಕೆ ಸಣ್ಣಗೆ ನೀರು ಬೀಳುತ್ತಿದ್ದರೆ ದೂಳು ಹಾರುವ ಬದಲು ಕೆಸರಾಗಿ ಕೆಳಗೆ ಬೀಳುತ್ತದೆ. ಪೂರ್ತಿ ಅಲ್ಲವಾದರೂ ಬಹುಪಾಲು. ನೀರು ಮತ್ತು ವಿದ್ಯುತ್ತು ಜೊತೆಗಿರುವಾಗ ಷಾಕ್ ಹೊಡೆಯದ ಹಾಗೆ ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಅದರ ಮೇಲೆ, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮುಖವಾಡ. ಕೋವಿಡ್ ಕಾಲದಲ್ಲಿ ನಾವೆಲ್ಲ ಅದನ್ನು ಹಾಕಿಕೊಂಡು ಹತ್ತು ನಿಮಿಷಕ್ಕೆ ಗೊಣಗಿದವರೇ. ಬಿಸಿಲಲ್ಲಿ ಎಂಟು ಗಂಟೆ ಹಾಕಿಕೊಳ್ಳುವುದು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಆದ್ದರಿಂದಲೇ ನೀರು ಮೊದಲು, ಮುಖವಾಡ ಆಮೇಲೆ.

ಇದನ್ನು ಓದುವವರ ಮನೆಗಳಲ್ಲಿ ಇಂದಲ್ಲ ನಾಳೆ ಒಂದು ಕಲ್ಲು ಕೊಯ್ಯುವ ಯಂತ್ರ ಓಡೇ ಓಡುತ್ತದೆ. ಗುತ್ತಿಗೆ ಮಾತಾಡುವಾಗ ಚದರಡಿಗೆ ಎಷ್ಟು ಎಂದು ಕೇಳುತ್ತೇವೆ, ಯಾವ ಕಂಪನಿಯ ಟೈಲ್ಸ್ ಎಂದು ಕೇಳುತ್ತೇವೆ. ನೀರು ಹಾಕಿ ಕೊಯ್ಯುವುದಕ್ಕೆ ಎಷ್ಟು ಹೆಚ್ಚಾಗುತ್ತದೆ ಎಂದು ನಾನಂತೂ ಕೇಳಿರಲಿಲ್ಲ. ಮೇಸ್ತ್ರಿಯನ್ನು ಆಮೇಲೆ ಕೇಳಿದೆ. ಕೆಲಸ ನಿಧಾನವಾಗುತ್ತದೆ, ಎರಡು ದಿನ ಹೆಚ್ಚು ಹಿಡಿಯಬಹುದು ಎಂದ.

ಮಾರನೆಯ ದಿನ ಚಹಾದ ಹೊತ್ತಿಗೆ ಮೇಲೆ ಹೋಗಿ ಹುಡುಗನ ಜೊತೆ ಕೂತೆ. ಎಷ್ಟು ವರ್ಷದಿಂದ ಈ ಕೆಲಸ ಎಂದು ಕೇಳಿದೆ. ‘ಹನ್ನೊಂದು ಆತ್ರೀ. ಮದಲ ಗೋವಾದಾಗ ಇದ್ದೆ, ಆಮ್ಯಾಲ ಪುಣೆ, ಈಗ ಇಲ್ಲಿ’ ಎಂದ. ಎದೆಯ ಎಕ್ಸ್‌ರೇ ಎಂದಾದರೂ ತೆಗೆಸಿದ್ದೀಯಾ? ‘ಯಾಕ್ರೀ? ನನಗೇನ್ ಆಗೇತಿ?’ ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಸಿದ್ದೀಯಾ? ಊರಲ್ಲಿ ಅಣ್ಣ ಮಾಡಿಸಿದ್ದಾನೆ, ತನ್ನದು ಇಲ್ಲ. ಕಾರ್ಡಿಗೆ ಎಲ್ಲಿ, ಎಷ್ಟು ದಿನ ಕೆಲಸ ಮಾಡಿದೆ ಎಂದು ಬರೆದುಕೊಡುವವರು ಬೇಕಲ್ಲ, ಒಂದು ಮನೆಯಲ್ಲಿ ಹದಿನೈದು ದಿನ, ಇನ್ನೊಂದರಲ್ಲಿ ಎಂಟು ದಿನ, ಯಾರ ಹತ್ತಿರ ಬರೆಸುವುದು ಎಂದ. ನಮ್ಮ ಮನೆಯ ಕೆಲಸದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಮಡಚಿ ಆಧಾರ್ ಕಾರ್ಡಿನ ಕವರಿನೊಳಗೆ ಇಟ್ಟುಕೊಂಡ. ನಮ್ಮ ಬೀದಿಯ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಭಾನುವಾರ ಬಿಡುವಿಲ್ಲ, ಉಳಿದ ದಿನ ಅವನಿಗೆ ಬಿಡುವಿಲ್ಲ. ಒಂದು ದಿನದ ಕೂಲಿ ನಾನು ಕೊಡುತ್ತೇನೆ, ಹೋಗಿ ಬಾ ಎಂದಿದ್ದೇನೆ. ಹೂಂ ಅಂದಿದ್ದಾನೆ. ಇನ್ನೂ ಹೋಗಿಲ್ಲ.

ಉಳಿದ ಕಲ್ಲುಗಳನ್ನು ನೀರು ಹಾಕಿಯೇ ಕೊಯ್ದ. ಬೂದು ಬಣ್ಣದ ಕೆಸರು ಮೆಟ್ಟಿಲಿಳಿದು ಪಕ್ಕದ ಮನೆಯ ಗೇಟಿನವರೆಗೆ ಹರಿಯಿತು. ಆ ಮನೆಯವರು ಬಂದು ಗದರಿದರು, ಗದರಲಿಕ್ಕೆ ಕಾರಣವೂ ಇತ್ತು. ಸಂಜೆ ನಾನೂ ನನ್ನ ಮಗಳೂ ಪೊರಕೆ, ಬಕೆಟ್ ಹಿಡಿದು ಅದನ್ನು ಒಣಗುವ ಮುನ್ನವೇ ತೊಳೆದೆವು. ಮುಕ್ಕಾಲು ಗಂಟೆ ಹಿಡಿಯಿತು.